ತಾರೀಖಿಲ್ಲದ ದುಡ್ಡು

ಮನೆಲೆಕ್ಕ: ಓದುಗರ ಪ್ರಶ್ನೆ, ನಮ್ಮ ಉತ್ತರ

ನಾನು 31 ವರ್ಷ ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಕೂತವಳು. ಚೀಟಿಯಲ್ಲಿ ಮೊತ್ತ ಸರಿ ಇದೆ, ಸಹಿ ಸರಿ ಇದೆ, ತಾರೀಖು ಮಾತ್ರ ಇಲ್ಲ ಅಂದರೆ ವಾಪಸ್ ಕೊಡುತ್ತಿದ್ದೆ. ಎದುರಿಗಿದ್ದವರು ಗೊಣಗುತ್ತಿದ್ದರು. ಈ ಸಲ ಬಂದ ಪತ್ರಗಳನ್ನು ಓದುವಾಗ ಅದೇ ಹಳೆ ಚಾಳಿ ಮರುಕಳಿಸಿತು. ಇಷ್ಟು ದುಡ್ಡಿದೆ, ಎಲ್ಲಿ ಹಾಕಲಿ ಅಂತ ಎಲ್ಲರೂ ಕೇಳಿದ್ದೀರಿ. ಆ ದುಡ್ಡು ಯಾವಾಗ ಬೇಕು ಅಂತ ಮಾತ್ರ ಹೆಚ್ಚಿನವರು ಬರೆದಿಲ್ಲ. ತಾರೀಖು ಗೊತ್ತಾಗದೆ ಜಾಗ ಹೇಳುವುದು ಹೇಗೆ? ಈ ಪ್ರಶ್ನೆಯನ್ನು ಕೆಳಗೆ ಮತ್ತೆ ಮತ್ತೆ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಬಡ್ಡಿಯ ಅಂಕಿಗಳನ್ನು ಲೆಕ್ಕ ತೋರಿಸಲು ಬಳಸಿದ್ದೇನೆ ಅಷ್ಟೇ. ನಿಮಗೆ ಸಿಗುವ ದರ ಬೇರೆ ಇರಬಹುದು.

ಅಕ್ಕಾ, ನಾವಿಬ್ಬರೂ ದುಡಿಯುತ್ತೇವೆ. ದುಂದು ಮಾಡುವವರಲ್ಲ. ಆದರೂ 20ನೇ ತಾರೀಖು ದಾಟುವಷ್ಟರಲ್ಲಿ ಖಾತೆ ಖಾಲಿ. ಆರು ತಿಂಗಳು ಒಂದೂ ಬಿಡದೆ ಖರ್ಚು ಬರೆದಿಟ್ಟೆವು. ಎಲ್ಲಿ ಸೋರುತ್ತಿದೆ ಅಂತ ಗೊತ್ತಾಗುತ್ತಿಲ್ಲ. ಪುಸ್ತಕದ ಫೋಟೋ ಕಳಿಸಿದ್ದೇನೆ, ನೋಡಿ ಹೇಳಿ.

ನೋಡಿದೆ. ಮೊದಲು ನಿಮ್ಮ ಅಕ್ಷರಕ್ಕೆ ಶಹಬ್ಬಾಸ್. ನಿಮ್ಮ ಚಿಲ್ಲರೆ ಖರ್ಚಿನಲ್ಲಿ ನನಗೇನೂ ತಪ್ಪು ಕಾಣಲಿಲ್ಲ. ಅದಕ್ಕಾಗಿ ಇಬ್ಬರೂ ಜಗಳ ಆಡುವುದನ್ನು ಇವತ್ತೇ ನಿಲ್ಲಿಸಿ.

ನನ್ನ ಕಣ್ಣಿಗೆ ಬಿದ್ದದ್ದು ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬರೆದ ಒಂದು ಪದ, 'ಅನಿರೀಕ್ಷಿತ'. ಮೊದಲ ತಿಂಗಳು ವಾಹನದ ವಿಮೆ, ಅನಿರೀಕ್ಷಿತ. ಮೂರನೇ ತಿಂಗಳು ಶಾಲೆಯ ಶುಲ್ಕ, ಅನಿರೀಕ್ಷಿತ. ಐದನೇ ತಿಂಗಳು ಹಲ್ಲಿನ ಡಾಕ್ಟರು. ಆರರಲ್ಲಿ ಸೋರುವ ನಲ್ಲಿ. ವಾಹನದ ವಿಮೆ ವರ್ಷ ವರ್ಷ ಅದೇ ತಿಂಗಳು ಬರುತ್ತದೆ ಅಲ್ವಾ? ಅದು ಹೇಗಪ್ಪಾ ಅನಿರೀಕ್ಷಿತ?

ನಿಮ್ಮ ಲೆಕ್ಕವನ್ನು ಪಾಲಿಗೆ ಇಳಿಸಿ ನೋಡೋಣ. ತಿಂಗಳಿಗೆ ಬರುವುದು 100 ಪಾಲು ಅಂತ ಇಟ್ಟುಕೊಳ್ಳಿ. ಬಾಡಿಗೆ, ದಿನಸಿ, ಕರೆಂಟು, ಫೋನು, ಓಡಾಟ, ಸಾಲದ ಕಂತು ಎಲ್ಲ ಸೇರಿ 88. ಇನ್ನು 12 ಉಳಿಯಬೇಕು ಅಂತ ನಿಮ್ಮ ನಂಬಿಕೆ. ಈಗ ವರ್ಷಕ್ಕೊಮ್ಮೆಯೋ ಎರಡು ಸಲವೋ ಬರುವುದನ್ನು ಮಾತ್ರ ಬೇರೆ ಹಾಳೆಯಲ್ಲಿ ಬರೆಯಿರಿ. ಶಾಲೆಗೆ 60, ವಿಮೆಗಳಿಗೆ 30, ವಾಹನದ ರಿಪೇರಿಗೆ 20, ಹಲ್ಲು ಕನ್ನಡಕ ಔಷಧಿಗೆ 25, ಪ್ರಯಾಣ ಮತ್ತು ಕೊಡುಕೊಳ್ಳುವುದಕ್ಕೆ 45. ಒಟ್ಟು 180. ಇದನ್ನು 12ರಿಂದ ಭಾಗಿಸಿದರೆ ತಿಂಗಳಿಗೆ 15. ಅಂದರೆ ನಿಮ್ಮ ನಿಜವಾದ ತಿಂಗಳ ಖರ್ಚು 103. ತಿಂಗಳು ತಿಂಗಳು 3 ಪಾಲು ಸಾಲದಲ್ಲಿ ಬದುಕುತ್ತಿದ್ದೀರಿ. ಆ ಮೂರನ್ನು ಕ್ರೆಡಿಟ್ ಕಾರ್ಡು ಸದ್ದಿಲ್ಲದೆ ತುಂಬಿಸುತ್ತಿದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಅಂತ ಎಲ್ಲರೂ ಹೇಳುತ್ತಾರೆ, ಹಾಸಿಗೆ ಅಳೆದವರು ಕಡಿಮೆ.

ಸಂಬಳ ಬಂದ ದಿನವೇ ಆ 15 ಪಾಲು ಬೇರೊಂದು ಖಾತೆಗೆ ತಾನಾಗಿ ಹೋಗುವಂತೆ ಬ್ಯಾಂಕಿನಲ್ಲಿ ಹೇಳಿಡಿ. ಆ ಖಾತೆಗೆ ಕಾರ್ಡು ಬೇಡ. ಶಾಲೆಯ ಶುಲ್ಕ ಬಂದಾಗ ಅಲ್ಲಿಂದ ಕೊಡಿ. ಮೊದಲ ವರ್ಷ ಸ್ವಲ್ಪ ಎಳೆದಾಡುತ್ತದೆ, ಯಾಕೆಂದರೆ ತುಂಬುವ ಮೊದಲೇ ಕೆಲವು ಬಿಲ್ಲು ಬರುತ್ತವೆ. ಎರಡನೇ ವರ್ಷಕ್ಕೆ ಸರಿಹೋಗುತ್ತದೆ. ಕೊರತೆ ಬೀಳುವ ಮೂರು ಪಾಲು, ಮತ್ತೆ ಉಳಿತಾಯಕ್ಕೆ ಬೇಕಾದ್ದು, ಇವೆರಡನ್ನೂ ಚಿಲ್ಲರೆಯಲ್ಲಿ ಹುಡುಕಬೇಡಿ. ನಿಮ್ಮ ಪುಸ್ತಕದಲ್ಲಿ ವಾಹನದ ಕಂತೊಂದೇ 17 ಪಾಲು ತಿನ್ನುತ್ತಿದೆ. ಅದು ತೀರಿದ ತಿಂಗಳು ಹೊಸ ವಾಹನ ನೋಡಲು ಹೋಗದಿದ್ದರೆ ಅರ್ಧ ಸಮಸ್ಯೆ ಮುಗಿಯಿತು.

ಬರೆದಿಡುವ ಅಭ್ಯಾಸ ಬಿಡಬೇಡಿ. 1904ರಲ್ಲಿ ಜಪಾನಿನ ಪತ್ರಕರ್ತೆ ಹಾನಿ ಮೊಟೊಕೊ ಮನೆಯವರಿಗಾಗಿ ಒಂದು ಲೆಕ್ಕದ ಪುಸ್ತಕ ಹೊರತಂದರು. ಕಾಕೆಯ್ಬೊ ಅನ್ನುತ್ತಾರೆ. ಆ ಪದ್ಧತಿಯಲ್ಲಿ ನನಗೆ ಇಷ್ಟವಾದದ್ದು, ಎಷ್ಟು ಉಳಿಸಬೇಕು ಅನ್ನುವುದನ್ನು ತಿಂಗಳ ಶುರುವಿನಲ್ಲೇ ಬರೆಯಬೇಕು. ನೀವು ತಿಂಗಳ ಕೊನೆಯಲ್ಲಿ ಉಳಿದದ್ದನ್ನು ಬರೆಯುತ್ತಿದ್ದೀರಿ. ಉಳಿದರೆ ತಾನೇ?

ಇನ್ನು ನಿಜವಾದ ಅನಿರೀಕ್ಷಿತ ಅಂದರೆ ಕೆಲಸ ಹೋಗುವುದು, ಆಸ್ಪತ್ರೆ ಸೇರುವುದು. ಅದಕ್ಕೆ ಮೂರರಿಂದ ಆರು ತಿಂಗಳ ಖರ್ಚು ಬೇರೆ ಇರಬೇಕು. ಇಬ್ಬರ ಸಂಬಳ ಇದ್ದರೆ ಮೂರು ಸಾಕು, ಒಬ್ಬರದೇ ಆದರೆ ಆರು. ಈ ದುಡ್ಡಿನ ತಾರೀಖು ನಾಳೆ. ನಾಳೆ ಬೆಳಿಗ್ಗೆ ಕೈಗೆ ಸಿಗುವ ಜಾಗದಲ್ಲೇ ಇರಲಿ, ಬಡ್ಡಿ ಕಡಿಮೆ ಅಂತ ಕೊರಗಬೇಡಿ.

ಮೇಡಂ, ನನಗೆ ಕಾರ್ಡಿನ ಸಾಲ 40,000 ಇದೆ. ಪ್ರತಿ ತಿಂಗಳು ಕನಿಷ್ಠ ಮೊತ್ತ ತಪ್ಪದೆ ಕಟ್ಟುತ್ತೇನೆ. ಇನ್ನೊಂದು ಕಡೆ 60,000 ಠೇವಣಿ ಇದೆ, 6 ಪರ್ಸೆಂಟ್ ಬಡ್ಡಿ. ಕಷ್ಟಪಟ್ಟು ಕೂಡಿಟ್ಟಿದ್ದು, ಮುರಿಯಲು ಮನಸ್ಸಿಲ್ಲ.

ಮುರಿಯಿರಿ. ಇವತ್ತೇ.

ಕಾರ್ಡಿನ ಬಡ್ಡಿ ತಿಂಗಳಿಗೆ 3 ಪರ್ಸೆಂಟ್ ಅಂತ ಹಿಡಿದರೆ ವರ್ಷಕ್ಕೆ 36. ಸಾವಿರಕ್ಕೆ ಠೇವಣಿಯಿಂದ 60 ಬರುತ್ತದೆ, ಕಾರ್ಡಿಗೆ 360 ಹೋಗುತ್ತದೆ. ಒಂದು ಕೈಯಲ್ಲಿ ಲೋಟದಿಂದ ತುಂಬಿಸಿ ಇನ್ನೊಂದು ಕೈಯಲ್ಲಿ ಕೊಡದಿಂದ ಚೆಲ್ಲಿದ ಹಾಗೆ. ಕನಿಷ್ಠ ಮೊತ್ತ ಅನ್ನುವುದು ನಿಮಗೆ ಅನುಕೂಲ ಅಂತ ತಿಳಿದಿದ್ದೀರಿ. ಕಟ್ಟಿದ್ದರಲ್ಲಿ ಬಹುಪಾಲು ಬಡ್ಡಿಗೇ ಹೋಗುತ್ತದೆ, ಅಸಲು ಅಲುಗಾಡುವುದಿಲ್ಲ. ಠೇವಣಿ ಮುರಿದರೆ ಒಂದಿಷ್ಟು ದಂಡ ಹಾಕಬಹುದು. 36ರ ಮುಂದೆ ಅದು ಲೆಕ್ಕಕ್ಕಿಲ್ಲ. ಉಳಿಯುವ 20,000 ಹಾಗೇ ಇರಲಿ. ಅದನ್ನೂ ಖಾಲಿ ಮಾಡಿದರೆ ಮುಂದಿನ ತಿಂಗಳ ಜ್ವರಕ್ಕೆ ಮತ್ತೆ ಕಾರ್ಡೇ ಗತಿ.

ನಿಮ್ಮ ಮನಸ್ಸು ನನಗೆ ಅರ್ಥವಾಗುತ್ತದೆ. ಠೇವಣಿ ಕಣ್ಣಿಗೆ ಕಾಣುವ ಗೌರವ. ಸಾಲ ಯಾರಿಗೂ ಕಾಣುವುದಿಲ್ಲ. ಕೌಂಟರಿನ ಈ ಕಡೆ ಕೂತವರಿಗೆ ಎರಡೂ ಕಾಣುತ್ತಿತ್ತು ನೋಡಿ.

ಸಾಲದ ಮಾತು ಬಂದದ್ದಕ್ಕೆ ಎಲ್ಲರಿಗೂ ಇನ್ನೊಂದು ವಿಷಯ. 'ಫ್ಲಾಟ್ 10 ಪರ್ಸೆಂಟ್' ಅಂತ ಯಾರಾದರೂ ಸಾಲ ಕೊಟ್ಟರೆ ಕಿವಿ ನಿಮಿರಲಿ. ಒಂದು ವರ್ಷಕ್ಕೆ 12,000 ತೆಗೆದುಕೊಂಡಿರಿ. ಬಡ್ಡಿ 1,200. ಒಟ್ಟು 13,200, ತಿಂಗಳಿಗೆ 1,100ರಂತೆ 12 ಕಂತು. ಹತ್ತೇ ಪರ್ಸೆಂಟ್ ಅನ್ನಿಸುತ್ತದೆ. ಆದರೆ ಆರು ತಿಂಗಳಾಗುವಾಗ ನೀವು ಅರ್ಧ ಸಾಲ ವಾಪಸ್ ಕೊಟ್ಟಾಗಿರುತ್ತದೆ. ಬಡ್ಡಿ ಮಾತ್ರ ಪೂರ್ತಿ 12,000ದ ಮೇಲೆ ಓಡುತ್ತಲೇ ಇರುತ್ತದೆ. ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ಇದು ಹತ್ತಿರ ಹತ್ತಿರ 18 ಪರ್ಸೆಂಟ್. ಸಹಿ ಹಾಕುವ ಮೊದಲು ಒಂದೇ ಪ್ರಶ್ನೆ ಕೇಳಿ: ಅಸಲು ಇಳಿದ ಹಾಗೆ ಬಡ್ಡಿ ಇಳಿಯುತ್ತದಾ?

ಮೇಡಂ, ನಮ್ಮ ಭಾವ ಒಂದು ಯೋಜನೆ ತಂದಿದ್ದಾರೆ. ಒಂದೂವರೆ ವರ್ಷದಲ್ಲಿ ದುಡ್ಡು ಎರಡರಷ್ಟು. ಅವರಿಗೆ ಈಗಾಗಲೇ ನಾಲ್ಕು ತಿಂಗಳ ಬಡ್ಡಿ ಬಂದಿದೆ. ಇಲ್ಲ ಅಂದರೆ ಸಂಬಂಧ ಕೆಡುತ್ತದೆ.

72ರ ಲೆಕ್ಕ ಗೊತ್ತಾ? 72ನ್ನು ಬಡ್ಡಿದರದಿಂದ ಭಾಗಿಸಿದರೆ ದುಡ್ಡು ಎರಡರಷ್ಟಾಗಲು ಬೇಕಾದ ವರ್ಷ ಸಿಗುತ್ತದೆ. 6 ಪರ್ಸೆಂಟಿಗೆ 12 ವರ್ಷ, 8ಕ್ಕೆ 9, 12ಕ್ಕೆ 6. ಹೊಸದೇನಲ್ಲ, 1494ರಲ್ಲಿ ವೆನಿಸಿನಲ್ಲಿ ಅಚ್ಚಾದ ಲೂಕಾ ಪಾಚೋಲಿಯ ಗಣಿತದ ಪುಸ್ತಕದಲ್ಲೇ ಇದೆ. ಅದನ್ನು ತಿರುಗಿಸಿ ನೋಡಿ. 72ನ್ನು ಒಂದೂವರೆಯಿಂದ ಭಾಗಿಸಿದರೆ 48. ಸಣ್ಣ ದರಗಳಿಗೆ ಸರಿಹೊಂದುವ ಸೂತ್ರ ಇದು, ದೊಡ್ಡ ದರಕ್ಕೆ ಸ್ವಲ್ಪ ತಪ್ಪುತ್ತದೆ. ನಿಜವಾದ ಲೆಕ್ಕ ಹಾಕಿದರೆ ವರ್ಷಕ್ಕೆ 59 ಪರ್ಸೆಂಟಿನ ಹತ್ತಿರ ಬರುತ್ತದೆ. ಅಷ್ಟು ಲಾಭ ತಪ್ಪದೆ ಬರುವ ವ್ಯಾಪಾರ ಇದ್ದವರು ನಿಮ್ಮ ದುಡ್ಡನ್ನು ಯಾಕೆ ಕೇಳುತ್ತಾರೆ? ಬ್ಯಾಂಕಿನಿಂದ ಕಡಿಮೆ ಬಡ್ಡಿಗೆ ಸಾಲ ತಂದು ತಾವೇ ಮಾಡಿಕೊಳ್ಳುತ್ತಿದ್ದರು.

ನಾಲ್ಕು ತಿಂಗಳ ಬಡ್ಡಿ ಬಂದದ್ದು ಸಾಕ್ಷಿ ಅಲ್ಲ. 1920ರಲ್ಲಿ ಬೋಸ್ಟನ್ನಿನ ಚಾರ್ಲ್ಸ್ ಪೊಂಜಿ 45 ದಿನಕ್ಕೆ 50 ಪರ್ಸೆಂಟ್ ಕೊಡುತ್ತೇನೆ ಅಂದ. ಅಂಚೆಯ ಕೂಪನ್ನುಗಳನ್ನು ಒಂದು ದೇಶದಲ್ಲಿ ಕೊಂಡು ಇನ್ನೊಂದರಲ್ಲಿ ಮಾರುವ ವ್ಯಾಪಾರ ಅಂತ ಕಥೆ. ಕೊಟ್ಟ ಕೂಡ. ಹೊಸಬರು ತಂದ ದುಡ್ಡನ್ನೇ ಹಳಬರಿಗೆ ಕೊಟ್ಟ. ಅದೇ ವರ್ಷ ಎಲ್ಲ ಕುಸಿಯಿತು. ಇವತ್ತಿಗೂ ಇಂಥದ್ದಕ್ಕೆ ಅವನದೇ ಹೆಸರು.

ಇದನ್ನು ಪುಸ್ತಕ ಓದಿ ಹೇಳುತ್ತಿಲ್ಲ. ನಾನೂ ಹಾಕಿದ್ದೆ. ಹೌದು, ದಿನಕ್ಕೆ ಸಾವಿರಾರು ನೋಟು ಎಣಿಸುತ್ತಿದ್ದ ನಾನೇ. ಪರಿಚಯದವರು ನಡೆಸುತ್ತಿದ್ದ ಯೋಜನೆ. ಏಳು ತಿಂಗಳು ಒಂದನೇ ತಾರೀಖಿಗೆ ಬಡ್ಡಿ ಬಂತು. ಎಂಟನೇ ತಿಂಗಳು ಬರಲಿಲ್ಲ. ಹೋಗಿ ನೋಡಿದರೆ ಬೀಗ. ನನ್ನ ದುಡ್ಡು ಹೋದದ್ದು ಎರಡು ವರ್ಷಕ್ಕೆ ಮರೆತುಹೋಯಿತು. ಆದರೆ 'ಬ್ಯಾಂಕಿನವಳೇ ಹಾಕಿದ್ದಾಳೆ' ಅಂತ ನನ್ನನ್ನು ನೋಡಿ ಇನ್ನಿಬ್ಬರು ಹಾಕಿದ್ದರು. ಅವರಲ್ಲಿ ಒಬ್ಬರು ಇವತ್ತಿಗೂ ನನ್ನನ್ನು ಕಂಡರೆ ರಸ್ತೆ ದಾಟುತ್ತಾರೆ.

ಹಾಗಾಗಿ ನಿಮ್ಮ ಭಾವನಿಗೆ ಬುದ್ಧಿ ಹೇಳಲು ಹೋಗಬೇಡಿ. ಅಸಲನ್ನು ಮುಂದಿನ ವಾರ ವಾಪಸ್ ತೆಗೆದು ತೋರಿಸಿ ಭಾವ, ಆಮೇಲೆ ನಾನೂ ಯೋಚಿಸುತ್ತೇನೆ ಅನ್ನಿ. ತೆಗೆಯಲು ಆಗುತ್ತದೋ ಇಲ್ಲವೋ ಅವರೇ ನೋಡಿಕೊಳ್ಳುತ್ತಾರೆ. ಆಗದಿದ್ದರೆ ಅವರಿಗೆ ತಿಳಿಯುತ್ತದೆ. ತೆಗೆಯಲು ಆಯಿತು ಅಂದರೆ ಅವರ ದುಡ್ಡಾದರೂ ಉಳಿಯಿತು. ಅಷ್ಟಾದ ಮೇಲೂ ನೀವು ಹಾಕಬೇಡಿ. ಸಂಬಂಧ ಸ್ವಲ್ಪ ದಿನ ಕೆಡಲಿ ಬಿಡಿ.

ಜೀವವಿಮೆ ಮಾಡಿಸಬೇಕು. ಕೊನೆಗೆ ದುಡ್ಡು ವಾಪಸ್ ಬರುವಂಥದ್ದು ಒಳ್ಳೆಯದಾ, ಏನೂ ವಾಪಸ್ ಬಾರದ್ದಾ?

ನಿಮ್ಮ ದುಡಿಮೆಯನ್ನು ನಂಬಿ ಮನೆಯಲ್ಲಿ ಯಾರಾದರೂ ಇದ್ದರೆ ವಾಪಸ್ ಬಾರದ್ದು, ಅಂದರೆ ಟರ್ಮ್ ಇನ್ಶೂರೆನ್ಸ್. ಕಡಿಮೆ ಕಂತಿಗೆ ದೊಡ್ಡ ಮೊತ್ತದ ರಕ್ಷಣೆ ಸಿಗುತ್ತದೆ. ವಾಪಸ್ ಬರುವ ಬಗೆಯಲ್ಲಿ ಕಂತಿನ ಬಹುಭಾಗ ಉಳಿತಾಯಕ್ಕೆ ಹೋಗಿ, ರಕ್ಷಣೆ ಚಿಕ್ಕದಾಗುತ್ತದೆ. ಯಾರೂ ನಂಬಿಕೊಂಡಿಲ್ಲ ಅಂದರೆ ಜೀವವಿಮೆಯೇ ಬೇಡ, ಆರೋಗ್ಯ ವಿಮೆ ನೋಡಿ.

ಮಗಳ ಕಾಲೇಜಿಗೆ ಇನ್ನು ಮೂರು ವರ್ಷ. ಅದಕ್ಕೆಂದು ಕೂಡಿಟ್ಟ ದುಡ್ಡು ಠೇವಣಿಯಲ್ಲಿದೆ. ಷೇರಿಗೆ ಹಾಕಿದರೆ ಜಾಸ್ತಿ ಆಗುತ್ತದೆ ಅಂತ ಸ್ನೇಹಿತರು ಹೇಳುತ್ತಾರೆ. ಧೈರ್ಯ ಮಾಡಲಾ?

ಅಬ್ಬಾ, ತಾರೀಖು ಬರೆದವರು ಸಿಕ್ಕರು! ನಿಮಗೆ ಉತ್ತರ ಹೇಳುವುದು ಸುಲಭ. ಬೇಡ.

ಜಪಾನಿನ ಷೇರುಪೇಟೆಯ ನಿಕ್ಕೆಯ್ ಸೂಚ್ಯಂಕ 1989ರ ಕೊನೆಗೆ 38,915 ಮುಟ್ಟಿತ್ತು. ಆಮೇಲೆ ಬಿತ್ತು. ಅದೇ ಮಟ್ಟಕ್ಕೆ ವಾಪಸ್ ಬಂದದ್ದು 2024ರ ಫೆಬ್ರವರಿಯಲ್ಲಿ. 34 ವರ್ಷ. ಎಲ್ಲ ಕಡೆ ಹೀಗಾಗುವುದಿಲ್ಲ, ಒಪ್ಪುತ್ತೇನೆ. ಲಾಭಾಂಶ ಅಂತ ಬೇರೆ ಸಿಗುತ್ತಿತ್ತು, ಅದೂ ನಿಜ. ಆದರೆ ಕಾಲೇಜು ನಿಮ್ಮ ಮಗಳಿಗೋಸ್ಕರ ಕಾಯುವುದಿಲ್ಲ ಅಲ್ವಾ? ಅರ್ಧಕ್ಕೆ ಬಿದ್ದ ದುಡ್ಡು ಮೊದಲಿನ ಜಾಗಕ್ಕೆ ಬರಲು ಅರ್ಧ ಏರಿದರೆ ಸಾಲದು, ಎರಡರಷ್ಟಾಗಬೇಕು. ಮೂರು ವರ್ಷದಲ್ಲಿ ಅದಕ್ಕೆ ಸಮಯ ಸಿಗದೇ ಹೋಗಬಹುದು.

ಠೇವಣಿಯನ್ನು ಒಂದೇ ಗಂಟಾಗಿ ಇಡಬೇಡಿ. ಶುಲ್ಕ ಕಟ್ಟುವ ತಿಂಗಳಿಗೆ ಮೊದಲೇ ಒಂದು ಮುಗಿಯಲಿ, ಮುಂದಿನ ವರ್ಷದ ಶುಲ್ಕಕ್ಕೆ ಇನ್ನೊಂದು, ಅದರ ಮುಂದಿನದಕ್ಕೆ ಮತ್ತೊಂದು. ನಿಮ್ಮ ಸ್ನೇಹಿತರು ಹೇಳಿದ್ದು ಸುಳ್ಳಲ್ಲ. ಅವರು ಬೇರೆ ತಾರೀಖಿನ ದುಡ್ಡಿನ ಬಗ್ಗೆ ಮಾತಾಡುತ್ತಿದ್ದಾರೆ ಅಷ್ಟೇ. ಹದಿನೈದು ಇಪ್ಪತ್ತು ವರ್ಷದ ನಂತರ ಬೇಕಾದ ದುಡ್ಡಿಗೆ ಷೇರು ಸರಿ. ಆ ದುಡ್ಡಿಗೆ ಠೇವಣಿಯೇ ಅಪಾಯ, ಬೆಲೆ ಏರಿಕೆ ಅದನ್ನು ಗೆದ್ದಲು ಹಿಡಿದ ಹಾಗೆ ತಿನ್ನುತ್ತದೆ.

ಚಿನ್ನ ಯಾವತ್ತೂ ಮೋಸ ಮಾಡುವುದಿಲ್ಲ, ಹೌದಾ?

1980ರ ಜನವರಿಯಲ್ಲಿ ಚಿನ್ನ ಔನ್ಸಿಗೆ ಸುಮಾರು 850 ಡಾಲರ್ ಮುಟ್ಟಿತ್ತು. ಮತ್ತೆ ಆ ಬೆಲೆ ಕಂಡದ್ದು 2008ರಲ್ಲಿ. ಮೋಸ ಅಂತ ನಾನು ಹೇಳುವುದಿಲ್ಲ, ನಿದ್ದೆ ಅನ್ನಬಹುದು. ಇಟ್ಟುಕೊಳ್ಳಿ, ಒಟ್ಟು ಉಳಿತಾಯದಲ್ಲಿ ಸಣ್ಣ ಪಾಲು. ಆಭರಣ ಕೊಂಡರೆ ಮಾಡಿಸಿದ ಕೂಲಿ ಮಾರುವಾಗ ವಾಪಸ್ ಬರುವುದಿಲ್ಲ. ಅದನ್ನು ಹಾಕಿಕೊಂಡ ಖುಷಿಯ ಲೆಕ್ಕಕ್ಕೆ ಬರೆದುಬಿಡಿ.

ಅಮ್ಮಾ, ನನಗೆ 25 ವರ್ಷ. ತಿಂಗಳಿಗೆ 1,000 ಮಾತ್ರ ಉಳಿಸಬಲ್ಲೆ. ಇಷ್ಟರಿಂದ ಏನಾಗುತ್ತದೆ ಅನ್ನಿಸಿ ಸುಮ್ನೆ ಖರ್ಚಾಗಿಬಿಡುತ್ತದೆ.

ನಿನಗೆ ಎಲ್ಲರೂ ತೋರಿಸುವ ಲೆಕ್ಕ ಒಂದಿದೆ, ನಾನೂ ತೋರಿಸುತ್ತೇನೆ. ವರ್ಷಕ್ಕೆ 12,000ದಂತೆ 35ರವರೆಗೆ ಹಾಕಿ ನಿಲ್ಲಿಸಿಬಿಡು. 8 ಪರ್ಸೆಂಟಿನಂತೆ ಬೆಳೆದರೆ 60ಕ್ಕೆ ಸುಮಾರು 11 ಲಕ್ಷ 90 ಸಾವಿರ. ನಿನ್ನ ಸ್ನೇಹಿತ 35ಕ್ಕೆ ಶುರುಮಾಡಿ 60ರವರೆಗೂ ಅಷ್ಟೇ ಹಾಕಿದರೆ ಸುಮಾರು 8 ಲಕ್ಷ 77 ಸಾವಿರ. ಅವನು ಹಾಕಿದ್ದು 3 ಲಕ್ಷ, ನೀನು ಹಾಕಿದ್ದು 1 ಲಕ್ಷ 20 ಸಾವಿರ. ಕೇಳಲು ಚೆನ್ನಾಗಿದೆ.

ಇಲ್ಲಿಗೆ ನಿಲ್ಲಿಸುವವರು ಒಂದು ಮಾತು ನುಂಗಿಬಿಡುತ್ತಾರೆ. ಬೆಲೆಗಳು ವರ್ಷಕ್ಕೆ 5 ಪರ್ಸೆಂಟ್ ಏರಿದರೆ 35 ವರ್ಷದಲ್ಲಿ ಐದೂವರೆ ಪಟ್ಟಾಗುತ್ತವೆ. ನಿನ್ನ 11 ಲಕ್ಷ 90 ಸಾವಿರಕ್ಕೆ ಇವತ್ತಿನ ಬೆಲೆಯಲ್ಲಿ 2 ಲಕ್ಷ 16 ಸಾವಿರದ ಶಕ್ತಿ. ಅದೂ ಲಾಭವೇ, ಆದರೆ ಆಕಾಶ ಮುಟ್ಟಲಿಲ್ಲ. ಆದ್ದರಿಂದ 1,000ವನ್ನು 1,000 ಆಗಿಯೇ ಇಡಬೇಡ. ಸಂಬಳ ಏರಿದ ತಿಂಗಳೇ ಇದನ್ನೂ ಏರಿಸು, ಏರಿದ್ದರಲ್ಲಿ ಅರ್ಧ ಇದಕ್ಕೆ. ಕೈಗೆ ಬಂದು ಅಭ್ಯಾಸವಾದ ಮೇಲೆ ಬಿಡಿಸಿಕೊಳ್ಳುವುದು ಕಷ್ಟ.

ದುಡ್ಡು ಹಾಕುವ ಫಂಡಿನ ಶುಲ್ಕವನ್ನೂ ನೋಡು. ಒಂದು ಲಕ್ಷ 10 ಪರ್ಸೆಂಟಿನಂತೆ 25 ವರ್ಷ ಬೆಳೆದರೆ 10 ಲಕ್ಷ 83 ಸಾವಿರ. ಅದರಲ್ಲಿ ವರ್ಷಕ್ಕೆ 2 ಪರ್ಸೆಂಟ್ ನಡೆಸುವವರ ಶುಲ್ಕಕ್ಕೆ ಹೋಗಿ 8 ಉಳಿದರೆ 6 ಲಕ್ಷ 85 ಸಾವಿರ. ಎರಡೇ ಪರ್ಸೆಂಟ್ ಅಂದದ್ದು ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತಿಂದುಹಾಕಿತು. ಇದಕ್ಕೇ ನಾನು ಕಡಿಮೆ ಶುಲ್ಕದ ಇಂಡೆಕ್ಸ್ ಫಂಡ್, ಅಂದರೆ ಷೇರುಪೇಟೆಯ ಸೂಚ್ಯಂಕದಲ್ಲಿರುವ ಷೇರುಗಳನ್ನೇ ಕೊಂಡಿಡುವ ಫಂಡ್, ಆರಿಸಿಕೋ ಅನ್ನುವುದು. ಮನೆಗೆ ಬಂದು ನಗುನಗುತ್ತಾ ಮಾತಾಡಿಸುವವರ ಫಂಡಿನಲ್ಲಿ ಆ ನಗುವಿನ ಖರ್ಚೂ ಸೇರಿರುತ್ತದೆ.

ಮೇಡಂ, ಹೆಸರು ಹಾಕಬೇಡಿ. ಹನ್ನೊಂದು ವರ್ಷದಿಂದ ಮನೆಖರ್ಚಿನಲ್ಲಿ ಉಳಿಸಿ ನನ್ನ ಹೆಸರಿನ ಖಾತೆಯಲ್ಲಿ ಇಟ್ಟಿದ್ದೇನೆ. ಯಜಮಾನರಿಗೆ ಗೊತ್ತಿಲ್ಲ. ತಪ್ಪಾ?

ನನ್ನ ಕೌಂಟರಿಗೆ ಮಧ್ಯಾಹ್ನ ಎರಡೂವರೆ ಹೊತ್ತಿಗೆ, ಜನ ಕಡಿಮೆ ಇರುವಾಗ, ನಿಮ್ಮಂಥವರು ಬರುತ್ತಿದ್ದರು. ನೋಟುಗಳು ನಾಲ್ಕು ಮಡಿಕೆ ಆಗಿರುತ್ತಿದ್ದವು. ಬಿಡಿಸಿ ಎಣಿಸಲು ಹೊತ್ತು ಹಿಡಿಯುತ್ತಿತ್ತು. ನಾನು ಯಾರನ್ನೂ ಏನೂ ಕೇಳಲಿಲ್ಲ, ನಿಮ್ಮನ್ನೂ ಕೇಳುವುದಿಲ್ಲ. ನಿಮ್ಮ ಹೆಸರಿನಲ್ಲಿ ನಿಮ್ಮದೇ ದುಡ್ಡು ಇರುವುದು ತಪ್ಪಲ್ಲ. ಹೇಳಬೇಕೋ ಬೇಡವೋ ಅನ್ನುವುದು ನಿಮ್ಮ ಮನೆಯ ಹವಾಮಾನ, ನೀವೇ ಬಲ್ಲಿರಿ.

ಆದರೆ ಯಾರಾದರೂ ಒಬ್ಬರಿಗೆ ಗೊತ್ತಿರಬೇಕು. ಅಕ್ಕನೋ, ಬೆಳೆದ ಮಗಳೋ, ಗೆಳತಿಯೋ. ಖಾತೆಗೆ ನಾಮಿನಿ ಇದೆಯಾ ನೋಡಿ. ಒಂದು ಹಾಳೆಯಲ್ಲಿ ಬ್ಯಾಂಕು, ಶಾಖೆ, ಖಾತೆ ನಂಬರು, ನಾಮಿನಿಯ ಹೆಸರು ಬರೆಯಿರಿ. ಪಾಸ್‌ವರ್ಡು, ಪಿನ್ ಬರೆಯಬೇಡಿ. ಮತ್ತೆ, ಆ ದುಡ್ಡು ಯಾವುದಕ್ಕೆ, ಯಾವಾಗಕ್ಕೆ ಅಂತ ಒಂದು ಸಾಲು ಬರೆಯಿರಿ.

ನಾನು ನಿವೃತ್ತಳಾಗುವ ಹಿಂದಿನ ವರ್ಷ ಒಬ್ಬ ಹೆಣ್ಣುಮಗಳು ಹಳೆಯ ಪಾಸ್‌ಬುಕ್ ತಂದಿದ್ದರು. ತಾಯಿ ತೀರಿಕೊಂಡ ಮೇಲೆ ಕಪಾಟಿನ ತಳದಲ್ಲಿ ಸಿಕ್ಕಿತಂತೆ. ಕೊನೆಯ ನಮೂದು 14 ವರ್ಷ ಹಿಂದಿನದು. ನಾಮಿನಿ ಇರಲಿಲ್ಲ. ಕಾಗದಪತ್ರ ಓಡಾಡಿಸಿ ದುಡ್ಡು ಅವರ ಕೈಗೆ ಬರುವಾಗ ಎಂಟು ತಿಂಗಳು ಕಳೆದಿತ್ತು. ಎಣಿಸಿ ನೋಡಿಕೊಳ್ಳಿ ಅಂದೆ. ಅವರು ಎಣಿಸಲಿಲ್ಲ. ಕಟ್ಟನ್ನು ಕೈಯಲ್ಲಿ ಹಿಡಿದುಕೊಂಡು, 'ಅಮ್ಮ ಇದನ್ನು ಏನಕ್ಕೆ ಅಂತ ಇಟ್ಟಿದ್ದರೋ' ಅಂದರು.